ಪೊರೆ ಕರಗಿಸುವ ಹನಿ ಎಂದು ನಂಬಿ ಅಮ್ಮನ ಕಣ್ಣಿಗೆ ನಾನೇ ಹಾಕಿದೆ

ಶಸ್ತ್ರಚಿಕಿತ್ಸೆಯಿಲ್ಲದೆ ಕಣ್ಣಿನ ಪೊರೆ ಕರಗಿಸುತ್ತೇವೆ ಎಂದು ಯಾರಾದರೂ ಹನಿ ಮದ್ದು ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ನಾನು ಕೊಂಡೆ. ಆರು ತಿಂಗಳು, ದಿನಕ್ಕೆ ನಾಲ್ಕು ಬಾರಿ, ನನ್ನ ಕೈಯಾರೆ ಅಮ್ಮನ ಕಣ್ಣಿಗೆ ಹಾಕಿದೆ.

ಮೊಬೈಲಿನಲ್ಲಿ ಕಂಡ ಜಾಹೀರಾತು. ಶಸ್ತ್ರಚಿಕಿತ್ಸೆಯೆಂದರೆ ಅಮ್ಮನಿಗೆ ಭಯ. ಇವರು ಮಾರುವುದೇ ಆ ಭಯವನ್ನು ನೆಚ್ಚಿಕೊಂಡು. ಮೊದಲ ವಾರವೇ ಕಣ್ಣಿನ ಕೆಂಪು, ಉರಿ ಇಳಿಯಿತು. ನಾನು ಮರುಳಾದದ್ದು ಅಲ್ಲೇ. ಇನ್ನೂ ನಾಲ್ಕು ಬಾಟಲಿ ತರಿಸಿದೆ.

ಮೂರನೆಯ ತಿಂಗಳಿನಿಂದ ನಡೆಯುವಾಗ ಅಮ್ಮನ ಭುಜ ಬಾಗಿಲಿನ ಚೌಕಟ್ಟಿಗೆ ಬಡಿಯತೊಡಗಿತು. ಮಾರಿದವನಿಗೆ ಕರೆ ಮಾಡಿದರೆ, "ಸರ್, ಪೊರೆ ಕರಗುವಾಗ ಮೊದಲು ಮಂಜಾಗುತ್ತದೆ, ಅದು ಗುಣವಾಗುತ್ತಿರುವ ಲಕ್ಷಣ" ಎಂದ. ಐದನೆಯ ತಿಂಗಳು, "ನೀವು ಹೊತ್ತಿಗೆ ಸರಿಯಾಗಿ ಹಾಕುತ್ತಿಲ್ಲ, ತಪ್ಪು ನಿಮ್ಮದೇ" ಎಂದ. ಅದನ್ನೂ ನಂಬಿದೆ! ಅಲಾರಂ ಇಟ್ಟುಕೊಂಡು ಹಾಕಿದೆ.

ಕೊನೆಗೆ ನೇತ್ರತಜ್ಞರು ಕಣ್ಣಿನ ಒತ್ತಡ ಅಳೆದರು. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಾದದ್ದು ಬಲಗಣ್ಣಿನಲ್ಲಿ 38 ಇತ್ತು. "ಬಾಟಲಿ ಕೊಡಿ" ಎಂದರು. ತಿರುಗಿಸಿ ತಿರುಗಿಸಿ ನೋಡಿದರು. ಒಳಗೇನಿದೆ ಎಂದು ಎಲ್ಲೂ ಬರೆದಿರಲಿಲ್ಲ. ಆರು ತಿಂಗಳು ಅದನ್ನು ಹಿಡಿದಿದ್ದ ನಾನು ಒಮ್ಮೆಯೂ ಓದಿ ನೋಡಿರಲಿಲ್ಲ. ಅವರ ಮುಂದೆ ತಲೆ ಎತ್ತಲಾಗಲಿಲ್ಲ.

ಅದರಲ್ಲಿ ಸ್ಟಿರಾಯ್ಡ್ ಇರಬೇಕೆಂದು ಅವರ ಅನುಮಾನ. ಕೆಂಪು ಬೇಗ ಇಳಿಯುವುದೂ ಅದರಿಂದಲೇ, ಒತ್ತಡ ಏರಿ ದೃಷ್ಟಿನರ ಸಾಯುವುದೂ ಅದರಿಂದಲೇ. ಪೊರೆಯೆಂದರೆ ಕಣ್ಣೊಳಗಿನ ಮಸೂರವೇ ಮಬ್ಬಾಗುವುದು, ತೊಳೆದು ತೆಗೆಯುವ ಪದರವಲ್ಲ. ಅದನ್ನು ತೆಗೆದು ಕೃತಕ ಮಸೂರ ಹಾಕಬಹುದು. ಸತ್ತ ನರಕ್ಕೆ ಮದ್ದಿಲ್ಲ. ಅಮ್ಮನಿಗೆ ಬಲಬದಿಯ ನೋಟ ಇನ್ನು ಬರುವುದಿಲ್ಲ.

ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದವಳು ಅಮ್ಮ. ಈಗ ರಸ್ತೆ ದಾಟಲು ಅವಳಿಗೇ ಜೊತೆ ಬೇಕು, ನಾನು ಕೆಲಸ ಅರ್ಧಕ್ಕೆ ಬಿಟ್ಟು ಓಡುತ್ತೇನೆ. ದೃಷ್ಟಿದೋಷವಿರುವ 220 ಕೋಟಿ ಜನರಲ್ಲಿ ಕನಿಷ್ಠ 100 ಕೋಟಿ ಮಂದಿಯದು ತಡೆಯಬಹುದಾಗಿದ್ದ ಅಥವಾ ಇನ್ನೂ ಚಿಕಿತ್ಸೆ ಸಿಗದ ತೊಂದರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತ್ತು. ಅಮ್ಮನನ್ನು ಆ ಲೆಕ್ಕಕ್ಕೆ ಸೇರಿಸಿದವನು ನಾನು.

ಮಾರಿದವನಿಗೆ ವರದಿ ಕಳುಹಿಸಿದೆ. "ನಮ್ಮ ಹನಿಯಿಂದಲೇ ಎನ್ನಲು ಸಾಕ್ಷಿ ಏನು?" ಎಂದ. ಆಮೇಲೆ ನನ್ನ ಕರೆ ಅವನಿಗೆ ಹೋಗುತ್ತಲೇ ಇಲ್ಲ.

ಮನೆಯಲ್ಲಿ ಅಂಥ ಬಾಟಲಿ ಇದ್ದರೆ ಹಿಡಿದುಕೊಂಡು ಇಂದೇ ನೇತ್ರತಜ್ಞರ ಬಳಿ ಹೋಗಿ, ಒತ್ತಡ ಅಳೆಸಿ. ನಿನ್ನೆ ಅದೇ ಜಾಹೀರಾತು ಮತ್ತೆ ಬಂದಿದೆ. ಹೆಸರು ಬೇರೆ, ಬಾಟಲಿಯ ಹಸಿರು ಮುಚ್ಚಳ ಅದೇ.