ಆ್ಯಡ್‌ಡಬ್ಲ್ಯೂ ಕ್ಲೀನರ್: ಏನನ್ನು ಕೀಳುತ್ತದೆ, ಏನನ್ನು ಬಿಟ್ಟುಬಿಡುತ್ತದೆ

ಕ್ರೋಮ್ ತೆರೆದ ಕೂಡಲೇ ಗೂಗಲ್ ಬದಲು ಹೆಸರೇ ಕೇಳಿರದ ಯಾವುದೋ ಸರ್ಚ್ ಪುಟ. ಸೆಟ್ಟಿಂಗ್ಸ್‌ಗೆ ಹೋಗಿ ಸರಿಮಾಡಿದರೆ ಮರುದಿನ ಮತ್ತೆ ಅದೇ. ಪರದೆಯ ಬಲಮೂಲೆಯಲ್ಲಿ ಗಡಿಯಾರದ ಮೇಲ್ಗಡೆ, ಹೆಸರಾಂತ ಆ್ಯಂಟಿವೈರಸ್ಸಿನ ಲೋಗೋ ಹೊತ್ತು "ನಿಮ್ಮ ಪಿಸಿಯಲ್ಲಿ 5 ವೈರಸ್ ಸಿಕ್ಕಿವೆ" ಎನ್ನುವ ಸೂಚನೆ. ಇಂಥ ಕಂಪ್ಯೂಟರನ್ನು ಅಂಗಡಿಗೆ ಹೊತ್ತೊಯ್ದರೆ ಬಹಳಷ್ಟು ಕಡೆ ಸಿಗುವ ಉತ್ತರ "ಫಾರ್ಮ್ಯಾಟ್ ಮಾಡಿಬಿಡೋಣ". ಹೆಚ್ಚಿನ ಸಲ ಅದರ ಅಗತ್ಯ ಇರುವುದಿಲ್ಲ. ಫಾರ್ಮ್ಯಾಟ್ ಮಾಡಿಸಿದ ವಾರದೊಳಗೆ ಅದೇ ಕಾಟ ವಾಪಸು ಬರುವುದೂ ಉಂಟು. ಯಾಕೆಂದು ಮುಂದೆ ನೋಡೋಣ.

ಇಂಥ ಕಾಟ ಕೊಡುವ ಆ್ಯಡ್‌ವೇರ್, ಅಂದರೆ ಜಾಹೀರಾತು ತುರುಕುವ ಪ್ರೋಗ್ರಾಮ್‌ಗಳನ್ನು ವಿಂಡೋಸ್ ಕಂಪ್ಯೂಟರಿನಿಂದ ಕೀಳಲೆಂದೇ ಇರುವ ಸಣ್ಣ ಸಾಧನ ಆ್ಯಡ್‌ಡಬ್ಲ್ಯೂ ಕ್ಲೀನರ್. 2011ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. 2016ರ ಅಕ್ಟೋಬರಿನಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿ ಇದನ್ನು ಕೊಂಡುಕೊಂಡಿತು. ಸಂಪೂರ್ಣ ಉಚಿತ. ಹತ್ತು ಎಂಬಿ ಆಸುಪಾಸಿನ ಒಂದೇ ಫೈಲು, ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಪೆನ್‌ಡ್ರೈವಿನಲ್ಲಿ ಒಯ್ದರೂ ಓಡುತ್ತದೆ. ಇಳಿಸಿಕೊಳ್ಳುವುದು ಮಾತ್ರ ಮಾಲ್‌ವೇರ್‌ಬೈಟ್ಸ್ ಡಾಟ್ ಕಾಮ್‌ನಿಂದಲೇ ಆಗಬೇಕು. ಇದೇ ಹೆಸರನ್ನು ಹೋಲುವ ನಕಲಿಗಳು ಬಂದು ಹಣ ಕೇಳಿದ್ದುಂಟು. ಇಳಿಸಿದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ನೋಡಿ. ಅಲ್ಲಿ ಮಾಲ್‌ವೇರ್‌ಬೈಟ್ಸ್ ಹೆಸರಿಲ್ಲದಿದ್ದರೆ ಆ ಫೈಲನ್ನು ತೆರೆಯಲೇಬೇಡಿ. ಹಳೆಯ ಬರಹಗಳಲ್ಲಿ ಇದರ ಜೊತೆಗೇ ಜಂಕ್‌ವೇರ್ ರಿಮೂವಲ್ ಟೂಲ್ ಎಂಬ ಇಂಥದೇ ಇನ್ನೊಂದು ಸಾಧನ ಓಡಿಸಿ ಎಂದಿರುತ್ತದೆ. ಅದು 2018ರಲ್ಲೇ ನಿಂತುಹೋಗಿದೆ. ಕ್ರೋಮಿನೊಳಗೇ ಇದ್ದ ಕ್ಲೀನಪ್ ಟೂಲನ್ನೂ ಗೂಗಲ್ 2023ರ ಮಾರ್ಚಿನಲ್ಲಿ ತೆಗೆದುಹಾಕಿತು.

ಓಡಿಸುವ ಮುನ್ನ ಒಂದು ಕೆಲಸ ಬಾಕಿ ಇದೆ; ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್ ತೆರೆದು, ಇನ್‌ಸ್ಟಾಲ್ಡ್ ಆನ್ ಎಂಬ ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿ. ಎಲ್ಲವೂ ತಾರೀಖಿನ ಪ್ರಕಾರ ಸಾಲಾಗುತ್ತವೆ. ಕಾಟ ಶುರುವಾದ ದಿನದ ಸುತ್ತಮುತ್ತ ಒಂದೇ ತಾರೀಖಿಗೆ ಮೂರು ನಾಲ್ಕು ಅಪರಿಚಿತ ಹೆಸರು ಸೇರಿಕೊಂಡಿದ್ದರೆ, ಒಂದು ಉಚಿತ ಸಾಫ್ಟ್‌ವೇರಿನ ಸೆಟಪ್‌ ಜೊತೆ ಉಳಿದವು ಹಿಂದಿನಿಂದ ಬಂದಿವೆ ಎಂದೇ ಅರ್ಥ. ಮೊದಲು ಅವನ್ನು ಇಲ್ಲಿಂದಲೇ ಅನ್‌ಇನ್‌ಸ್ಟಾಲ್ ಮಾಡಿ. ಸಾಧನ ನೇರವಾಗಿ ಕಿತ್ತರೆ ಫೈಲು ಹೋಗಿ ಹಿನ್ನೆಲೆಯಲ್ಲಿ ಓಡುವ ಅದರ ಸರ್ವೀಸು ಉಳಿಯುವುದು, ಪ್ರತಿ ಸಲ ಆನ್ ಮಾಡಿದಾಗಲೂ "ಫೈಲ್ ಸಿಗುತ್ತಿಲ್ಲ" ಎಂಬ ಪೆಟ್ಟಿಗೆ ಏಳುವುದು ಇಂಥವೆಲ್ಲ ಆಗುತ್ತವೆ. ಅನ್‌ಇನ್‌ಸ್ಟಾಲ್ ಪರದೆಯಲ್ಲೂ ಎಚ್ಚರ ಬೇಕು: "ಉಳಿಸಿಕೊಳ್ಳಿ" ಎನ್ನುವ ಬಟನ್ ದೊಡ್ಡದಾಗಿ ಬಣ್ಣದಲ್ಲಿರುತ್ತದೆ, "ತೆಗೆದುಹಾಕಿ" ಎನ್ನುವುದು ಮೂಲೆಯಲ್ಲಿ ಬೂದು ಅಕ್ಷರದಲ್ಲಿರುತ್ತದೆ.

ಆಮೇಲೆ ಎಲ್ಲ ಕೆಲಸ ಸೇವ್ ಮಾಡಿ, ಬ್ರೌಸರ್ ಮುಚ್ಚಿ, ಆ್ಯಡ್‌ಡಬ್ಲ್ಯೂ ಕ್ಲೀನರನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆಯಿರಿ. ಇಂಟರ್ನೆಟ್ ಆನ್ ಇರಲಿ, ಹೊಸ ಪಟ್ಟಿಯನ್ನು ಅದು ನೆಟ್‌ನಿಂದ ತರಿಸಿಕೊಳ್ಳುತ್ತದೆ. ಸ್ಕ್ಯಾನ್ ನೌ ಒತ್ತಿದರೆ ಸಾಮಾನ್ಯವಾಗಿ ಕೆಲವೇ ನಿಮಿಷ. ಇಡೀ ಡಿಸ್ಕಿನ ಪ್ರತಿ ಫೈಲನ್ನೂ ಇದು ಜಾಲಾಡುವುದಿಲ್ಲ. ಆ್ಯಡ್‌ವೇರ್ ಕೂರುವ ಜಾಗಗಳನ್ನು, ಅಂದರೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ), ಶೆಡ್ಯೂಲ್ಡ್ ಟಾಸ್ಕ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ), ಸರ್ವೀಸು, ಬ್ರೌಸರ್ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಮ್), ಆ್ಯಪ್‌ಡೇಟಾ (ಪ್ರೋಗ್ರಾಮ್‌ಗಳು ತಮ್ಮ ಮಾಹಿತಿ ಇಡುವ) ಫೋಲ್ಡರುಗಳನ್ನು ಮಾತ್ರ ನೋಡುತ್ತದೆ. ವೇಗದ ಗುಟ್ಟು ಅದು, ಮಿತಿಯೂ ಅದೇ.

ಫಲಿತಾಂಶದ ಪಟ್ಟಿಯಲ್ಲಿ ಆ್ಯಡ್‌ವೇರ್, ಪಪ್ ಎಂದು ಬಂದಿದ್ದನ್ನೆಲ್ಲ ಟಿಕ್ ಇದ್ದಂತೆಯೇ ಬಿಡಬಹುದು. ಇಲ್ಲಿ ಪಪ್ ಅಂದರೆ ವೈರಸ್ ಅಲ್ಲದಿದ್ದರೂ ಯಾರಿಗೂ ಬೇಡವಾದ ಪ್ರೋಗ್ರಾಮ್. ಮುಂದಿನ ಪರದೆಯಲ್ಲಿ ಬರುವ ಪ್ರೀಇನ್‌ಸ್ಟಾಲ್ಡ್ ಸಾಫ್ಟ್‌ವೇರ್ ಪಟ್ಟಿ ಬೇರೆಯದೇ ಸಂಗತಿ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯೇ ತುಂಬಿಸಿ ಕಳಿಸಿದ ಸಾಫ್ಟ್‌ವೇರುಗಳು ಅಲ್ಲಿ ಬರುತ್ತವೆ. ಬ್ಯಾಟರಿ, ಕೀಬೋರ್ಡಿನ ವಿಶೇಷ ಕೀಲಿಗಳು, ಡ್ರೈವರ್ ಅಪ್‌ಡೇಟ್ ನೋಡಿಕೊಳ್ಳುವಂಥವೂ ಅವುಗಳ ನಡುವೆ ಇರಬಹುದು. ಎಲ್ಲದಕ್ಕೂ ಟಿಕ್ ಹಾಕಿದರೆ ಆ್ಯಡ್‌ವೇರ್ ಜೊತೆಗೆ ಲ್ಯಾಪ್‌ಟಾಪಿನ ಒಂದೆರಡು ಸೌಕರ್ಯವೂ ಹೋಗುತ್ತದೆ. ಆ ಪುಟ ಖಾಲಿ ಬಿಟ್ಟೇ ಮುಂದುವರಿಯಿರಿ. ಕ್ವಾರಂಟೈನ್ ಒತ್ತಿದ ಮೇಲೆ ತೆರೆದಿರುವ ಪ್ರೋಗ್ರಾಮ್‌ಗಳನ್ನೆಲ್ಲ ಅದು ಮುಚ್ಚುತ್ತದೆ, ಅಗತ್ಯವಿದ್ದರೆ ರೀಸ್ಟಾರ್ಟ್ ಕೇಳುತ್ತದೆ. ತೆಗೆದದ್ದು ಅಳಿಸಿಹೋಗುವುದಿಲ್ಲ, ಸಿ ಡ್ರೈವಿನಲ್ಲಿ ಆ್ಯಡ್‌ಡಬ್ಲ್ಯೂ ಕ್ಲೀನರ್ ಹೆಸರಿನ ಫೋಲ್ಡರಿನೊಳಗೆ ಇರುತ್ತದೆ. ತಪ್ಪಾಗಿದ್ದರೆ ಕ್ವಾರಂಟೈನ್ ಟ್ಯಾಬಿನಿಂದ ವಾಪಸು ತರಬಹುದು. ಲಾಗ್ಸ್ ಫೋಲ್ಡರಿನಲ್ಲಿ ಎಸ್ ಅಕ್ಷರದ ಫೈಲು ಸ್ಕ್ಯಾನಿನದು, ಸಿ ಅಕ್ಷರದ್ದು ತೆಗೆದುಹಾಕಿದ್ದರದು. ಅದೇ ಹೆಸರು ಪ್ರತಿ ಸ್ಕ್ಯಾನಿನಲ್ಲೂ ಮತ್ತೆ ಬರುತ್ತಿದೆಯೇ ಎಂದು ತಿಳಿಯಲು ಈ ಲಾಗ್‌ಗಳನ್ನು ಇಟ್ಟುಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ಬೇಸಿಕ್ ರಿಪೇರ್ ಎಂಬ ವಿಭಾಗ ಇದೆ. ಈ ಸಾಧನದ ನಿಜವಾದ ಬಲ ಇಲ್ಲಿದೆ, ಅಪಾಯವೂ ಇಲ್ಲೇ. ಪ್ರಾಕ್ಸಿ (ನೆಟ್ ಸಂಪರ್ಕವನ್ನು ಹಾಯಿಸುವ ನಡುವಿನ ಸರ್ವರ್), ಹೋಸ್ಟ್ಸ್ ಫೈಲ್ (ಯಾವ ಸೈಟಿನ ಹೆಸರು ಯಾವ ವಿಳಾಸಕ್ಕೆ ಎಂದು ಬರೆದಿರುವ ಫೈಲು), ವಿನ್‌ಸಾಕ್ ಮತ್ತು ಟಿಸಿಪಿ ಐಪಿ (ವಿಂಡೋಸಿನ ನೆಟ್ ಸಂಪರ್ಕದ ಸೆಟ್ಟಿಂಗ್‌ಗಳು), ಫೈರ್‌ವಾಲ್, ಕ್ರೋಮ್ ಪಾಲಿಸಿ ಇವುಗಳಲ್ಲಿ ಒಂದೊಂದನ್ನೂ ಮೊದಲಿನ ಸ್ಥಿತಿಗೆ ತರಲು ಸ್ವಿಚ್ ಕೊಟ್ಟಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಆನ್ ಮಾಡಬೇಡಿ. ಕೇಬಲ್ ಇಂಟರ್ನೆಟ್‌ನವರು ಸ್ಥಿರ ಐಪಿ ಹಾಕಿಕೊಟ್ಟಿದ್ದರೆ ಟಿಸಿಪಿ ಐಪಿ ರೀಸೆಟ್ ಆದ ಕ್ಷಣ ನೆಟ್ ಹೋಗುತ್ತದೆ. ಅಡಾಪ್ಟರಿನ ಐಪಿವಿ4 ಪ್ರಾಪರ್ಟೀಸ್‌ನಲ್ಲಿರುವ ನಾಲ್ಕೈದು ಸಂಖ್ಯೆಗಳನ್ನು ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯಲ್ಲೇ ಎರಡು ಕಂಪ್ಯೂಟರಿನ ನಡುವೆ ಟ್ಯಾಲಿ ಹಂಚಿಕೊಂಡಿದ್ದರೆ ಫೈರ್‌ವಾಲ್ ರೀಸೆಟ್ ಮಾಡಿದಾಗ ಅದಕ್ಕೆ ಕೊಟ್ಟಿದ್ದ ಅನುಮತಿ ಅಳಿಸಿಹೋಗುತ್ತದೆ, ಮತ್ತೆ ಕೊಡಬೇಕು. ಸರ್ಚ್ ಪುಟ ಬದಲಾಗುವ ಕಾಟಕ್ಕೆ ಪ್ರಾಕ್ಸಿ, ಹೋಸ್ಟ್ಸ್, ಕ್ರೋಮ್ ಪಾಲಿಸಿ ಈ ಮೂರು ಸಾಕು.

ಕ್ರೋಮ್ ಪಾಲಿಸಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟು ತೆಗೆದರೂ ಹೋಗದ ಎಕ್ಸ್‌ಟೆನ್ಷನ್ನಿನ ಬೇರು ಅನೇಕ ಸಲ ಇದೇ. ಕಂಪನಿಗಳು ತಮ್ಮ ನೌಕರರ ಕಂಪ್ಯೂಟರುಗಳಲ್ಲಿ ಒಂದು ಎಕ್ಸ್‌ಟೆನ್ಷನ್ ಕಡ್ಡಾಯವಾಗಿ ಇರಲಿ ಎಂದು ರಿಜಿಸ್ಟ್ರಿಯಲ್ಲಿ ಬರೆದಿಡಬಹುದು. ಆ್ಯಡ್‌ವೇರ್ ಮಾಡುವವರು ಅದೇ ಸವಲತ್ತನ್ನು ಮನೆಯ ಕಂಪ್ಯೂಟರಿನ ಮೇಲೆ ಬಳಸುತ್ತಾರೆ. ಆಗ ಎಕ್ಸ್‌ಟೆನ್ಷನ್ ಪುಟದಲ್ಲಿ ರಿಮೂವ್ ಬಟನ್ ಇರುವುದೇ ಇಲ್ಲ. ಅಡ್ಮಿನಿಸ್ಟ್ರೇಟರ್ ಹಾಕಿದ್ದು ಎಂಬ ಸಾಲು ಇರುತ್ತದೆ. ಕ್ರೋಮಿನ ಮೂರು ಚುಕ್ಕಿ ಮೆನುವಿನ ಕೆಳತುದಿಯಲ್ಲಿ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಎಂದೂ ಕಾಣುತ್ತದೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಅದು ಸರಿ, ಅದನ್ನು ಮುಟ್ಟಬಾರದು. ಕೆಲವು ಆ್ಯಂಟಿವೈರಸ್‌ಗಳೂ ಈ ಸಾಲು ಬರುವಂತೆ ಮಾಡುತ್ತವೆ. ಅವೆರಡೂ ಅಲ್ಲದ ಸ್ವಂತ ಕಂಪ್ಯೂಟರಿನಲ್ಲಿ ಆ ಸಾಲು ಕಂಡರೆ ಪಾಲಿಸಿ ರೀಸೆಟ್ ಮಾಡಿ, ಆಮೇಲೆ ಎಕ್ಸ್‌ಟೆನ್ಷನ್ ತೆಗೆಯಿರಿ. ಈ ಕ್ರಮ ತಲೆಕೆಳಗಾದರೆ ತೆಗೆದದ್ದನ್ನು ಪಾಲಿಸಿ ಮತ್ತೆ ತಂದು ಕೂರಿಸುತ್ತದೆ.

ಇನ್ನು ಈ ಸಾಧನ ಬಿಟ್ಟುಬಿಡುವ ಸಂಗತಿಗಳು. ಮೊದಲನೆಯದೇ ಆ ವೈರಸ್ ಸೂಚನೆಗಳು. ಅವು ಕಂಪ್ಯೂಟರಿಗೆ ಅಂಟಿದ ಪ್ರೋಗ್ರಾಮ್ ಆಗಿರಲೇಬೇಕೆಂದಿಲ್ಲ. ಧಾರಾವಾಹಿ ಅಥವಾ ಕ್ರಿಕೆಟ್ ತೋರಿಸುವ ಯಾವುದೋ ಪುಟ "ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎನ್ನುತ್ತದೆ. ಒತ್ತಿದ್ದು ರೋಬಾಟ್ ಪರೀಕ್ಷೆಯನ್ನಲ್ಲ, ನೋಟಿಫಿಕೇಶನ್ ಕಳಿಸುವ ಅನುಮತಿಯನ್ನು. ನೀವೇ ಕೊಟ್ಟ ಅನುಮತಿಯಾದ್ದರಿಂದ ಸ್ಕ್ಯಾನರುಗಳಿಗೆ ಇದು ಸಾಮಾನ್ಯವಾಗಿ ತಪ್ಪಾಗಿ ಕಾಣುವುದಿಲ್ಲ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಹೀಗೆ ಹೋದರೆ ಅನುಮತಿ ಪಡೆದ ಸೈಟುಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ್ದಕ್ಕೆ ರಿಮೂವ್ ಬದಲು ಬ್ಲಾಕ್ ಕೊಡಿ. ರಿಮೂವ್ ಆದ ಸೈಟು ಮುಂದಿನ ಸಲ ಮತ್ತೆ ಕೇಳಬಲ್ಲದು. ಎಡ್ಜ್‌ನಲ್ಲೂ ಇಂಥದೇ ಪಟ್ಟಿ ಇದೆ, ಅದನ್ನೂ ನೋಡಿ.

ಎರಡನೆಯದು ಸಿಂಕ್, ಅಂದರೆ ಬ್ರೌಸರಿನ ಸೆಟ್ಟಿಂಗ್‌ಗಳನ್ನು ಖಾತೆಯಲ್ಲಿಟ್ಟು ಎಲ್ಲ ಕಂಪ್ಯೂಟರಿಗೂ ಹಂಚುವ ವ್ಯವಸ್ಥೆ. ಗೂಗಲ್ ಖಾತೆಯಿಂದ ಕ್ರೋಮಿಗೆ ಲಾಗಿನ್ ಆಗಿದ್ದರೆ ಎಕ್ಸ್‌ಟೆನ್ಷನ್‌ಗಳೂ ಸರ್ಚ್ ಸೆಟ್ಟಿಂಗ್‌ಗಳೂ ಖಾತೆಯ ಜೊತೆ ತಿರುಗಾಡುತ್ತವೆ. ಫಾರ್ಮ್ಯಾಟ್ ಮಾಡಿಸಿ ತಂದು ಲಾಗಿನ್ ಆದೊಡನೆ ಹಳೆಯ ಕಾಟ ಅಲ್ಲಿಂದ ಇಳಿದು ಬರುವುದು ಹೀಗೆ. ಸ್ವಚ್ಛ ಮಾಡುವ ಮುನ್ನ ಸಿಂಕ್ ಆಫ್ ಮಾಡಿ, ಅದೇ ಖಾತೆ ಇರುವ ಪ್ರತಿ ಕಂಪ್ಯೂಟರಿನಲ್ಲೂ ಎಕ್ಸ್‌ಟೆನ್ಷನ್ ತೆಗೆದು, ಕೊನೆಗೆ ಆನ್ ಮಾಡಿ.

ಮೂರನೆಯದು ಶಾರ್ಟ್‌ಕಟ್. ಆ್ಯಡ್‌ಡಬ್ಲ್ಯೂ ಕ್ಲೀನರ್ ಇದನ್ನು ನೋಡುತ್ತದಾದರೂ ಕಣ್ಣಾರೆ ಪರೀಕ್ಷಿಸುವುದು ಒಳ್ಳೆಯದು. ಡೆಸ್ಕ್‌ಟಾಪಿನ ಕ್ರೋಮ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಎಂಬ ಪೆಟ್ಟಿಗೆಯೊಳಗೆ ಕ್ಲಿಕ್ ಮಾಡಿ ಎಂಡ್ ಕೀಲಿ ಒತ್ತಿ. ಸಾಲು ಕ್ರೋಮ್ ಡಾಟ್ ಇಎಕ್ಸ್‌ಇ ಮತ್ತು ಒಂದು ಉದ್ಧರಣ ಚಿಹ್ನೆಗೆ ಮುಗಿಯಬೇಕು. ಅದರಾಚೆ ಒಂದು ಜಾಗ ಬಿಟ್ಟು ಯಾವುದಾದರೂ ಸೈಟಿನ ವಿಳಾಸ ಇದ್ದರೆ ಅದೇ ಕಳ್ಳ. ಅಷ್ಟನ್ನೇ ಅಳಿಸಿ ಓಕೆ ಒತ್ತಿ. ಟಾಸ್ಕ್‌ಬಾರಿಗೆ ಪಿನ್ ಮಾಡಿದ ಐಕಾನ್ ಬೇರೆಯದೇ ಶಾರ್ಟ್‌ಕಟ್. ಅದನ್ನು ಅನ್‌ಪಿನ್ ಮಾಡಿ ಹೊಸದಾಗಿ ಪಿನ್ ಮಾಡಿ.

ಎಲ್ಲಕ್ಕಿಂತ ಮೊಂಡು ಎಂದರೆ ಶೆಡ್ಯೂಲ್ಡ್ ಟಾಸ್ಕ್. 2022ರಲ್ಲಿ ಹಬ್ಬಿದ ಕ್ರೋಮ್‌ಲೋಡರ್ ಎಂಬ ಆ್ಯಡ್‌ವೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಕದ್ದ ಸಿನಿಮಾ, ಕ್ರ್ಯಾಕ್ ಮಾಡಿದ ಗೇಮ್ ಎಂದು ಐಎಸ್‌ಒ (ಡಿಸ್ಕಿನ ಪ್ರತಿ ಇರುವ) ಫೈಲಿನೊಳಗೆ ಬರುತ್ತಿತ್ತು. ಕ್ರೋಮ್ ಎಂದೇ ಶುರುವಾಗುವ ಹೆಸರಿನ ಒಂದು ಟಾಸ್ಕನ್ನು ಕೂರಿಸಿ, ಅದರ ಮೂಲಕ ವಿಂಡೋಸಿನ ಆಜ್ಞೆಗಳನ್ನು ಓಡಿಸುವ ಪವರ್‌ಶೆಲ್ ಅನ್ನು ಓಡಿಸಿ, ತೆರೆದಿದ್ದ ಕ್ರೋಮನ್ನು ಮುಚ್ಚಿ ತನ್ನ ಎಕ್ಸ್‌ಟೆನ್ಷನ್ ಸಮೇತ ಮತ್ತೆ ತೆರೆಯುತ್ತಿತ್ತು. ಎಕ್ಸ್‌ಟೆನ್ಷನ್ ಪುಟಕ್ಕೆ ಹೋದರೆ ಸೆಟ್ಟಿಂಗ್ಸ್ ಪುಟಕ್ಕೆ ದಬ್ಬುತ್ತಿತ್ತು. ಹಾಗಾಗಿ ಬ್ರೌಸರ್ ತನ್ನಷ್ಟಕ್ಕೆ ಮುಚ್ಚಿ ತೆರೆಯುತ್ತಿದ್ದರೆ ಟಾಸ್ಕ್ ಶೆಡ್ಯೂಲರಿನ ಲೈಬ್ರರಿ ತೆರೆದು ಪ್ರತಿಯೊಂದರ ಆ್ಯಕ್ಷನ್ಸ್ ಟ್ಯಾಬ್ ನೋಡಿ. ಪವರ್‌ಶೆಲ್ ಮುಂದೆ ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆ, ಅಥವಾ ಆ್ಯಪ್‌ಡೇಟಾ ಒಳಗಿನ ಸ್ಕ್ರಿಪ್ಟಿನ ದಾರಿ ಕಂಡರೆ ಮೊದಲು ಡಿಸೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ. ಕಾಟ ನಿಂತಿದ್ದು ಖಾತ್ರಿಯಾದರೆ ಡಿಲೀಟ್ ಮಾಡಿ. ಒಂದೊಂದನ್ನೇ ತೆರೆದು ನೋಡುವುದು ಬೇಸರ ಅನ್ನಿಸಿದರೆ ತಾನಾಗಿ ಶುರುವಾಗುವುದನ್ನೆಲ್ಲ ಒಂದೇ ಕಡೆ ತೋರಿಸುವ, ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸರಣಿಯ ಆಟೋರನ್ಸ್ ಬಳಸಿ. ಅದರಲ್ಲಿ ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್ ಆನ್ ಮಾಡಿದರೆ ಹೊರಗಿನವರು ಕೂರಿಸಿದ್ದು ಮಾತ್ರ ಉಳಿಯುತ್ತದೆ.

ಅದೇ ವೈಫೈನಲ್ಲಿರುವ ಫೋನಿನಲ್ಲೂ ಜಾಹೀರಾತು ಪುಟಗಳು ತೆರೆದುಕೊಳ್ಳುತ್ತಿದ್ದು, ಮೊಬೈಲ್ ಡೇಟಾಗೆ ಬದಲಿಸಿದಾಗ ನಿಂತರೆ ಕಂಪ್ಯೂಟರನ್ನು ದೂರಿ ಪ್ರಯೋಜನವಿಲ್ಲ. ರೂಟರಿನ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೆಟ್ಟಿಂಗ್) ಬದಲಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಸರಿಪಡಿಸಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಬೇಕು. ಈ ಸಾಧನದ ಕೈ ಅಲ್ಲಿಗೆ ಚಾಚುವುದಿಲ್ಲ.

ಆ್ಯಡ್‌ಡಬ್ಲ್ಯೂ ಕ್ಲೀನರ್ ಕಾವಲು ಕಾಯುವುದಿಲ್ಲ, ಕರೆದಾಗ ಬಂದು ಗುಡಿಸಿ ಹೋಗುತ್ತದೆ. ಕಾವಲಿಗೆ ವಿಂಡೋಸಿನ ಡಿಫೆಂಡರ್ ಸಾಕು, ಆದರೆ ಎರಡು ಕಡೆ ನೋಡಿಕೊಳ್ಳಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ತೆರೆದು, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಅಡಿಯಲ್ಲಿರುವ ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್‌ನ ಎರಡೂ ಟಿಕ್ ಇರಬೇಕು. ಇನ್ನೊಂದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್‌ನ ಕೆಳಗಿರುವ ಎಕ್ಸ್‌ಕ್ಲೂಷನ್ಸ್. ಕ್ರ್ಯಾಕ್ ಹಾಕಿದ ವಿಂಡೋಸ್, ಆಫೀಸ್ ಇರುವ ಕಂಪ್ಯೂಟರುಗಳಲ್ಲಿ ಇಲ್ಲಿ ಇಡೀ ಸಿ ಡ್ರೈವನ್ನೇ ಬಿಟ್ಟುಬಿಡು ಎಂದು ಸೇರಿಸಿಟ್ಟಿರುವುದುಂಟು. ಆಗ ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಲೇ ಇರುತ್ತದೆ, ಆದರೆ ಏನನ್ನೂ ನೋಡುತ್ತಿರುವುದಿಲ್ಲ. ನೀವು ಸೇರಿಸದ್ದನ್ನೆಲ್ಲ ಅಲ್ಲಿಂದ ತೆಗೆದು, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಒಂದು ಸಲ ಓಡಿಸಿ. ಸುಮಾರು 15 ನಿಮಿಷ ಹಿಡಿಯುತ್ತದೆ, ಕಂಪ್ಯೂಟರ್ ಅದಾಗಿಯೇ ರೀಸ್ಟಾರ್ಟ್ ಆಗುತ್ತದೆ.

ಆ ಸ್ಕ್ಯಾನಿನಲ್ಲಿ ಟ್ರೋಜನ್ ಅಥವಾ ಪಾಸ್‌ವರ್ಡ್ ಸ್ಟೀಲರ್ ಎಂಬ ಹೆಸರು ಸಿಕ್ಕರೆ ಫಾರ್ಮ್ಯಾಟ್ ಮಾಡಿಸಿ, ಅಲ್ಲಿ ಹಿಂದುಮುಂದು ನೋಡಬೇಡಿ. ಜಿಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಅದಕ್ಕೂ ಮೊದಲೇ ಬೇರೆ ಫೋನಿನಿಂದ ಬದಲಿಸಿ.