ಹತ್ತು ಪಟಗಳ ಕಲಿಕಾ ಪೆಟ್ಟಿಗೆ: ಲೆಕ್ಕ ಸರಿ, ಸೂತ್ರ ಸಡಿಲ

ಸಂಕ್ರಾಂತಿಗೆ ವಾರವಿರುವಾಗ ಕಲಬುರಗಿಯ ಅಂಗಡಿಯೊಂದರಲ್ಲಿ 450 ರೂಪಾಯಿ ಕೊಟ್ಟು, ಹತ್ತು ಗಾಳಿಪಟಗಳಿಗೆ ಸಾಕಾಗುವ ಬಿದಿರು ಕಡ್ಡಿ, ತೆಳುಗಾಗದ, ದಾರ ಮತ್ತು ಕನ್ನಡ ಕೈಪಿಡಿ ಇರುವ ಕಲಿಕಾ ಪೆಟ್ಟಿಗೆಯನ್ನು ತಂದೆ. ಪತಂಗ ಮಾಡಿ ಹಾರಿಸುತ್ತಲೇ ಗಣಿತ, ವಿಜ್ಞಾನ, ಇತಿಹಾಸ ಮೂರನ್ನೂ ಕಲಿಸಬಹುದೆಂದು ಮುಚ್ಚಳದ ಮೇಲೆ ಬರೆದಿತ್ತು. ಹತ್ತನೆಯ ತರಗತಿಗೆ ಗಣಿತ ಹೇಳುವ ನನಗೆ ಅಷ್ಟೇ ಸಾಕಾಯಿತು.

ಗಣಿತದ ಮಟ್ಟಿಗೆ ಪೆಟ್ಟಿಗೆ ಮಾತು ಉಳಿಸಿಕೊಂಡಿದೆ. ನಿಲುಗಡ್ಡಿ 60 ಸೆಂ.ಮೀ., ಅಡ್ಡಕಡ್ಡಿ 50 ಸೆಂ.ಮೀ.; ಕರ್ಣಗಳ ಗುಣಲಬ್ಧದ ಅರ್ಧ, ಅಂದರೆ 1500 ಚದರ ಸೆಂ.ಮೀ., ಪಟದ ವಿಸ್ತೀರ್ಣ. ಇದನ್ನು ನಾನು ಹಲಗೆಯ ಮೇಲೆ ಬರೆಯುವ ಮೊದಲೇ ಹುಡುಗಿಯೊಬ್ಬಳು ಆಯತದಿಂದ ಕತ್ತರಿಸಿ ಉಳಿದ ನಾಲ್ಕು ಮೂಲೆಚೂರುಗಳನ್ನು ಪಟದ ಮೇಲೆ ಜೋಡಿಸಿ, ಒಂದಿಂಚೂ ಬಿಡದೆ ಮುಚ್ಚಿ ತೋರಿಸಿದಳು. ಮೈದಾನದಲ್ಲಿ 50 ಮೀಟರ್ ದಾರ ಬಿಟ್ಟು, ಕೋನಮಾಪಕಕ್ಕೆ ಕಲ್ಲು ತೂಗಿಬಿಟ್ಟು ಅಳೆದಾಗ 30 ಡಿಗ್ರಿ ಬಂದಿತು. ಸೈನ್ ಬೆಲೆ ಅರ್ಧವಾದ್ದರಿಂದ ಎತ್ತರ 25 ಮೀಟರ್. ‘ದಾರ ಹೊಟ್ಟೆ ಬಿಟ್ಟಾದಲ್ರೀ ಸರ್’ ಎಂದು ಹಿಂದಿನ ಸಾಲಿನವನೊಬ್ಬ ಹೇಳಿದ. ಅವನ ಮಾತು ಸರಿ. ಜೋತ ದಾರವನ್ನು ನೇರ ವಿಕರ್ಣವೆಂದು ಎಣಿಸಿದರೆ ಎತ್ತರ ಹೆಚ್ಚಾಗಿಯೇ ಬರುತ್ತದೆ. ಕೈಪಿಡಿ ಇದರ ಬಗ್ಗೆ ಚಕಾರವೆತ್ತಿಲ್ಲ.

ನಿಜವಾದ ಕೊರತೆ ಇರುವುದು ಸೂತ್ರದಲ್ಲಿ, ಗಣಿತದ ಸೂತ್ರವಲ್ಲ, ಹಾರಿಸುವ ದಾರವನ್ನು ಗಂಟು ಹಾಕಲು ಪಟದ ಕಡ್ಡಿಗೆ ಕಟ್ಟುವ ಗಿಡ್ಡ ದಾರದ ಸೂತ್ರ. ತಯಾರಕರು ಅದನ್ನು ಮೊದಲೇ ಗಂಟು ಹಾಕಿ ಅಂಟಿಸಿ ಕಳಿಸಿದ್ದಾರೆ. ಗಾಳಿ ಜೋರಾದೊಡನೆ ಪಟಗಳು ಗಿರಗಿರನೆ ತಿರುಗಿ ಗೋತಾ ಹೊಡೆದವು. ಅಂಟು ಬಿಡಿಸಿ ಗಂಟನ್ನು ಒಂದು ಬೆರಳಿನಷ್ಟು ತಲೆಯ ಕಡೆಗೆ ಸರಿಸಿದಾಗ ಪಟ ಗಾಳಿಗೆ ಒಡ್ಡುವ ಕೋನ ಕಡಿಮೆಯಾಗಿ, ಹಾರಾಟ ನೆಟ್ಟಗಾಯಿತು. ಎತ್ತುವ ಬಲ, ಗಾಳಿಯ ತಡೆ, ತೂಕ, ದಾರದ ಎಳೆತ ಇವುಗಳ ಲೆಕ್ಕಾಚಾರವೆಲ್ಲ ಆ ಒಂದು ಗಂಟಿನಲ್ಲಿರುವಾಗ ಅದನ್ನೇ ಮಕ್ಕಳ ಕೈಗೆ ಕೊಡದಿರುವುದು ದೊಡ್ಡ ತಪ್ಪು.

ದಾರವೂ ಹೊಳೆಯುವ ನೈಲಾನಿನದು. ಹಕ್ಕಿಗಳ ರೆಕ್ಕೆ, ಬೈಕ್ ಸವಾರರ ಕುತ್ತಿಗೆ ಕೊಯ್ಯುವ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿರುವಾಗ ಮಕ್ಕಳ ಪೆಟ್ಟಿಗೆಯಲ್ಲಿ ಅದೇ ಜಾತಿಯ ದಾರವೇಕೆ? ಅದನ್ನು ಬದಿಗಿಟ್ಟು ಹತ್ತಿಯ ನೂಲು ತಂದೆವು.

ಇತಿಹಾಸಕ್ಕೆ ಅರ್ಧ ಪುಟ. 1752ರ ಫ್ರಾಂಕ್ಲಿನ್ ಮಿಂಚಿನ ಪ್ರಯೋಗದ ಚಿತ್ರವಿದೆ, ಅದನ್ನು ಅನುಕರಿಸಬಾರದೆಂಬ ಎಚ್ಚರಿಕೆಯಿಲ್ಲ. ಅದರ ಬದಲು 1901ರಲ್ಲಿ ಮಾರ್ಕೋನಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟದಿಂದ ಏರಿಯಲ್ ತಂತಿಯನ್ನು ಮೇಲೇರಿಸಿ, ಅಟ್ಲಾಂಟಿಕ್ ಆಚೆಯ ಸಂಕೇತ ಕೇಳಿಸಿತೆಂದು ಸಾರಿದ್ದನ್ನು ಹೇಳಬಹುದಿತ್ತು.

ಒಮ್ಮೆ ಕೊಳ್ಳಲು ಅಡ್ಡಿಯಿಲ್ಲ; ಎರಡನೆಯ ಪೆಟ್ಟಿಗೆ ಬೇಕಾಗುವುದಿಲ್ಲ. ನಮ್ಮಲ್ಲಿ ಎರಡು ಕಡ್ಡಿ ಮುರಿದಾಗ ಹುಡುಗರು ಕಣಿಕೆ ಬಣವೆಯಿಂದ ಜೋಳದ ದಂಟು ತಂದು ಸೀಳಿ ಕಟ್ಟಿದರು. ಆ ಪಟ ಎಡಕ್ಕೇ ವಾಲುತ್ತಿತ್ತು. ಬಲತುದಿಗೆ ಬಟ್ಟೆಯ ಚಿಂದಿ ಕಟ್ಟಿದ ಮೇಲೆ ನಿಂತಿತು.