ಹಳೇ ಬೋರ್ಡಿಗೆ ಪಿಯಾನೊ ಸ್ವಿಚ್ಚೇ ಸರಿ

ತೀರ್ಥಹಳ್ಳಿ, ಸಾಗರದ ಕಡೆ ಹಳೇ ಮನೆಗಳಲ್ಲಿ ಮರದ ಪೆಟ್ಟಿಗೆಗೆ ಶೀಟ್ ಹೊಡೆದ ಬೋರ್ಡುಗಳು ಇನ್ನೂ ಇವೆ. ಅಲ್ಲಿ ಲೈಟಿನ ಸ್ವಿಚ್ ಕೆಟ್ಟರೆ 6 ಆಂಪ್‌ನ ಪಿಯಾನೊ ಮಾದರಿಯನ್ನೇ, ಅಂದರೆ ಶೀಟಿಗೆ ನೇರವಾಗಿ ಸ್ಕ್ರೂ ಹಾಕಿ ಕೂರಿಸುವ ಹಳೇ ನಮೂನೆಯ ಬಿಡಿ ಸ್ವಿಚ್ಚನ್ನೇ ತನ್ನಿ. ಪ್ಲೇಟಿನೊಳಗೆ ಒತ್ತಿ ಕೂರಿಸುವ ಮಾಡ್ಯುಲರ್ ಸ್ವಿಚ್ ನೋಡಲು ಚಂದ, ಆದರೆ ಅದಕ್ಕೆ ಪ್ಲೇಟು, ಬಾಕ್ಸು ಎರಡೂ ಬದಲಾಗಬೇಕು. ಮುಂದೆ ಒಂದು ಸ್ವಿಚ್ ಹೋದರೂ ಅದೇ ಕಂಪನಿಯದನ್ನು ಹುಡುಕಬೇಕು, ಬೇರೆಯದು ಸಾಮಾನ್ಯವಾಗಿ ಕೂರುವುದಿಲ್ಲ. ಪಿಯಾನೊ ಎರಡು ಸ್ಕ್ರೂವಿನ ಕೆಲಸ. ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 3854 ಸಂಖ್ಯೆ ನೋಡಿ. ಟರ್ಮಿನಲ್ (ವೈರ್ ತೂರಿಸುವ ಜಾಗ) ಸ್ಕ್ರೂವನ್ನು ಅಂಗಡಿಯಲ್ಲೇ ಬಿಗಿ ಮಾಡಿ ನೋಡಿ. ಥ್ರೆಡ್ ಜಾರಿದರೆ ವಾಪಸ್ ಕೊಡಿ.

ಮಲೆನಾಡಿನಲ್ಲಿ ಅಪಾಯ ಇರುವುದು ಇನ್ವರ್ಟರಿನಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತಲೇ ಇರುವುದರಿಂದ ಲೈಟಿನ ಲೈನು ಬಹುತೇಕ ಅದರ ಮೇಲಿರುತ್ತದೆ. ಮೇನ್ ಇಳಿಸಿದರೆ ಇನ್ವರ್ಟರ್ ತಾನೇ ಕರೆಂಟ್ ಕೊಡುತ್ತದೆ. ಇನ್ವರ್ಟರ್ ಮಾತ್ರ ಆಫ್ ಮಾಡಿದರೆ ಲೈನ್ ಕರೆಂಟ್ ಅದರೊಳಗಿಂದಲೇ ದಾಟಿ ಬರುತ್ತದೆ. ಎರಡನ್ನೂ ಆಫ್ ಮಾಡಿ. ಟೆಸ್ಟರನ್ನು ಮೇನ್ ಇಳಿಸುವ ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಹಿಡಿದು ಉರಿಯುತ್ತದೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬೋರ್ಡಿನ ಪ್ರತಿ ಟರ್ಮಿನಲ್ಲಿಗೂ ಇಟ್ಟು ನೋಡಿ.

ಬಿಚ್ಚುವ ಮೊದಲು ಒಂದು ಫೋಟೊ ತೆಗೆಯಿರಿ. ಒಂದೇ ಟರ್ಮಿನಲ್ಲಿನಲ್ಲಿ ಎರಡು ವೈರ್ ಇದ್ದರೆ ಸಾಮಾನ್ಯವಾಗಿ ಒಂದು ಪಕ್ಕದ ಸ್ವಿಚ್ಚಿಗೆ ಹೋಗುವ ಲೂಪ್. ಅದನ್ನು ಮರೆತರೆ ಮುಂದಿನ ಸ್ವಿಚ್ಚುಗಳೆಲ್ಲ ಸತ್ತಂತೆ. ಸ್ವಿಚ್ಚಿಗೆ ಬರಬೇಕಾದ್ದು ಫೇಸ್, ಅಂದರೆ ಟೆಸ್ಟರ್ ಉರಿಸುವ ಕರೆಂಟಿನ ವೈರ್. ಇನ್ನೊಂದು ವೈರಾದ ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿದರೂ ಬಲ್ಬು ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಉಳಿದಿರುತ್ತದೆ. ತಂಡಿಗೆ ಹಸಿರುಗಟ್ಟಿದ ಅಥವಾ ಕಪ್ಪಾದ ತುದಿಯನ್ನು ಕತ್ತರಿಸಿ, ಸುಮಾರು 8 ಮಿಲಿಮೀಟರ್ ಹೊಸದಾಗಿ ಸುಲಿದು, ಎಳೆಗಳನ್ನು ಹೊಸೆದು ತೂರಿಸಿ. ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸ್ಕ್ರೂವಿನಡಿ ಸಿಕ್ಕರೆ ಹಿಡಿತ ಸಡಿಲ. ಬಿಸಿಯಾಗಿ ಕೆಲವೇ ತಿಂಗಳಲ್ಲಿ ಸ್ವಿಚ್ ಕಂದುತ್ತದೆ. ಬಿಗಿ ಮಾಡಿದ ಮೇಲೆ ವೈರನ್ನು ಒಮ್ಮೆ ಎಳೆದು ನೋಡಿ. ವೈರ್ ಹಳೇ ಅಲ್ಯೂಮಿನಿಯಂ ಆಗಿದ್ದರೆ ಬಗ್ಗಿಸಿದಲ್ಲೇ ಮುರಿಯಬಹುದು, ವೈರ್‌ಮ್ಯಾನ್ ಕರೆಸಿ. ವೈರಿನ ಪೈಪಿನೊಳಗಿಂದ ನೀರು ಜಿನುಗುತ್ತಿದ್ದರೆ ಯಾವ ಸ್ವಿಚ್ಚೂ ಉಳಿಯದು, ಮೊದಲು ಗೋಡೆ ನೋಡಿಸಿ.

ಮಹಡಿ ಮೆಟ್ಟಿಲಿನದು ಟೂ ವೇ, ಅಂದರೆ ಒಂದೇ ಲೈಟನ್ನು ಮೇಲಿಂದಲೂ ಕೆಳಗಿಂದಲೂ ಹಾಕುವ ಸ್ವಿಚ್, ಮೂರು ಟರ್ಮಿನಲ್. ಕಾಮನ್ ಟರ್ಮಿನಲ್ಲಿನ (ಉಳಿದೆರಡಕ್ಕೂ ಸರದಿಯಲ್ಲಿ ಸೇರುವುದು) ವೈರಿಗೆ ಟೇಪ್ ಸುತ್ತಿ ಗುರುತು ಮಾಡದೆ ಬಿಚ್ಚಬೇಡಿ.

ಈ 6 ಆಂಪಿನ ಸ್ವಿಚ್ ಲೈಟು, ಫ್ಯಾನಿಗೆ ಮಾತ್ರ. 2000 ವಾಟ್ ಗೀಸರ್ 230 ವೋಲ್ಟಿನಲ್ಲಿ 8.7 ಆಂಪ್ ಎಳೆಯುತ್ತದೆ, ಅದಕ್ಕೆ 16 ಆಂಪಿನದೇ ಬೇಕು. ಬಚ್ಚಲೊಲೆ ಇರುವವರಿಗೆ ಈ ರಗಳೆಯಿಲ್ಲ.